ಮಡುವಿನ ಮೀನೂ ಒಕ್ಕಲಿಗನ ಪಂಪೂ

ಒಕ್ಕಲುತನದ ಪುಟದಲ್ಲಿ ಮೀನಿನ ಮಾತೇಕೆಂದು ಕೆಲವರಾದರೂ ಕೇಳಿಯಾರು. ಅದರಲ್ಲಿಯೂ ಮನೆಯಲ್ಲಿ ಮೀನು ಬೇಯಿಸದ ನನ್ನಂಥ ಮಾಸ್ತರನು ಆ ಮಾತನ್ನೆತ್ತಿದರೆ ನಗುವವರೂ ಉಂಟು. ನಗಲಿ. ಕಬ್ಬು, ದ್ರಾಕ್ಷಿ, ಅರಿಷಿಣ ಬೆಳೆಯುವ ನಾವು ಮಿರಜ ಸೀಮೆಯ ಜನರು ಯಾವ ಹೊಳೆಯ ನೀರನ್ನೆತ್ತಿ ಹೊಲಕ್ಕೆ ಹಾಯಿಸುತ್ತೇವೆಯೋ ಅದೇ ಹೊಳೆಯಲ್ಲಿ ಇನ್ನೊಬ್ಬರ ಬೆಳೆಯೂ ಇರುತ್ತದೆ. ಆ ಬೆಳೆಗೆ ಬದುವಿಲ್ಲ, ಸಾತ್‌ಬಾರಾ ಉತಾರವಿಲ್ಲ, ನಷ್ಟವಾದರೆ ಪಂಚನಾಮೆಯೂ ಇಲ್ಲ. ಅದನ್ನು ಬೆಳೆಯುವವರು ಭೋಯಿಗಳು, ಅಂಬಿಗರು. ಅವರ ಬೆಳೆ ನಮ್ಮ ಕೈಯಿಂದ ಹೇಗೆ ಹಾಳಾಗುತ್ತದೆ, ಅದನ್ನು ಹೇಗೆ ಕಾಯಬಹುದು ಎಂಬುದನ್ನು ನಾನು ತಡವಾಗಿ ಕಲಿತೆನು.

ಕೃಷ್ಣೆಯು ಮಹಾಬಳೇಶ್ವರದಲ್ಲಿ, ಅರಬಿ ಸಮುದ್ರಕ್ಕೆ ಕೇವಲ ೬೪ ಕಿಲೋಮೀಟರಿನಷ್ಟು ಹತ್ತಿರ ಹುಟ್ಟಿ, ಆ ಸಮುದ್ರಕ್ಕೆ ಬೆನ್ನು ತಿರುಗಿಸಿ, ಸುಮಾರು ೧,೪೦೦ ಕಿಲೋಮೀಟರು ನಡೆದು ಬಂಗಾಲದ ಉಪಸಾಗರವನ್ನು ಸೇರುವಳೆಂದು ನಾಲ್ಕನೆಯ ಇಯತ್ತೆಯ ಹುಡುಗರಿಗೂ ಕಲಿಸುತ್ತೇವೆ. ಕರಾಡದಲ್ಲಿ ಕೊಯ್ನಾ, ಬ್ರಹ್ಮನಾಳದ ಬಳಿ ಯೇರಳಾ, ಸಾಂಗಲಿಯ ಮಗ್ಗುಲಿನ ಹರಿಪುರದಲ್ಲಿ ವಾರಣಾ, ಮುಂದೆ ನರಸೋಬಾವಾಡಿಯಲ್ಲಿ ಪಂಚಗಂಗಾ ಎಂದು ಉಪನದಿಗಳನ್ನು ಬಾಯಿಪಾಠ ಮಾಡಿಸುತ್ತೇವೆ. ನೀರು ಇಳಿಯುವ ದಾರಿಯಲ್ಲೇ ಮೀನು ಏರಿ ಬರುತ್ತದೆಂಬುದನ್ನು ಮಾತ್ರ ಕಲಿಸುವುದಿಲ್ಲ. ದೊಡ್ಡ ಜಾತಿಯ ಹಾವುಮೀನೊಂದುಂಟು. ಅದು ಸಮುದ್ರದಲ್ಲಿ ಹುಟ್ಟಿ, ಹೊಳೆಯನ್ನೇರಿ ಬಂದು, ಸಿಹಿನೀರಿನಲ್ಲಿ ವರುಷಗಟ್ಟಲೆ ಬೆಳೆದು, ತತ್ತಿಯಿಡುವುದಕ್ಕೆ ಮರಳಿ ಸಮುದ್ರಕ್ಕೇ ಹೋಗುವಂಥದು. ನಾಗಾರ್ಜುನಸಾಗರ, ಶ್ರೀಶೈಲ, ಆಲಮಟ್ಟಿಗಳಾದ ಮೇಲೆ ಅದರ ದಾರಿ ಮುಚ್ಚಿದಂತೆಯೇ. ಆದರೂ ಸಮುದ್ರದ ಮೀನುಗಾರನ ಮಾತಿಗೂ ನಮ್ಮ ಹೊಳೆಯ ಭೋಯಿಯ ಮಾತಿಗೂ ಸಂಬಂಧವಿದೆಯೆಂದು ತೋರಿಸಲು ಆ ಒಂದು ಮೀನು ಸಾಕು.

ಈಗ ನನ್ನ ತಪ್ಪಿನ ಸಂಗತಿ. ಐದಾರು ವರುಷದ ಹಿಂದೆ, ಕಾರ್ತಿಕ ಮಾಸ. ದ್ರಾಕ್ಷಿಯ ಅಕ್ಟೋಬರ ಚಾಟನಿ ಮುಗಿದು ಹೊಸ ಚಿಗುರು ಬಂದಿತ್ತು. ಅಕಾಲ ಮಳೆಯ ಮೋಡ ಕವಿದು ಬೂಜುರೋಗದ ಹೆದರಿಕೆಯಿದ್ದುದರಿಂದ ಬೋರ್ಡೊ ದ್ರಾವಣ ಹೊಡೆಸಿದೆನು. ಸಂಜೆ ಕತ್ತಲಾಗುತ್ತ ಬಂದಿತ್ತು. ಸುಣ್ಣ ಕೂಡಿಸದೆ ಉಳಿದಿದ್ದ ಒಂದು ಕೊಡದಷ್ಟು ಮೈಲುತುತ್ತದ ನೀರನ್ನು ಹಳ್ಳಕ್ಕೆ ಚೆಲ್ಲಿ, ಪಂಪನ್ನೂ ಡ್ರಮ್ಮನ್ನೂ ಅಲ್ಲಿಯೇ ತೊಳೆದುಕೊಂಡು ಮನೆಗೆ ಬಂದೆ. ನನ್ನ ತಂದೆಯೂ ಹಾಗೆಯೇ ಮಾಡುತ್ತಿದ್ದರು, ನೆರೆಯವರೂ ಹಾಗೆಯೇ.

ಮರುದಿನ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಹಾಜರಿ ಕರೆಯುವಾಗ, ಭೋಯಿಗಳ ಮನೆಯ ಹುಡುಗನೊಬ್ಬನು ಮುತ್ತಲದೆಲೆಯಲ್ಲಿ ಸುತ್ತಿದ್ದ ಮೀನೊಂದನ್ನು ತಂದು ಮೇಜಿನ ಮೇಲಿಟ್ಟನು. ಗೇಣುದ್ದದ ಕೊರಮೀನು, ಮರಾಠಿಯಲ್ಲಿ ಮರಳ ಎನ್ನುತ್ತಾರಲ್ಲ, ಅದು. ಕಿವಿರಿನ ಮೇಲೆಲ್ಲ ಲೋಳೆ ಕಟ್ಟಿತ್ತು. “ಹಳ್ಳದಾಗ ಇಂಥಾವು ಭಾಳ ಸತ್ತಾವ್ರಿ ಗುರುಗಳ. ಯಾಕ ಸತ್ತಾವಂತ ಕೇಳ್ಕೊಂಡು ಬಾ ಅಂದಾನ ನಮ್ಮ ಅಜ್ಜ” ಎಂದನು. ಮಾಸ್ತರನಿಗೆ ಎಲ್ಲ ತಿಳಿದಿರುತ್ತದೆಂಬ ಭರವಸೆ ಆ ಮುದುಕನದು. ನನಗೆ ತಿಳಿದಿತ್ತು ಕೂಡ. ಆದರೆ ಆ ದಿನ ನಾನು “ನೀರು ಕೆಟ್ಟಿರಬೇಕಪ್ಪಾ” ಎಂದಷ್ಟೇ ಹೇಳಿ, ಗಣಿತದ ಪುಸ್ತಕ ತೆರೆಯಿಸಿದೆನು.

ಮೈಲುತುತ್ತದಲ್ಲಿರುವ ತಾಮ್ರವು ಮೀನಿನ ಕಿವಿರಿಗೆ ಕಡುವಿಷ. ಮನುಷ್ಯನಿಗೆ ಬಾಧಿಸದಷ್ಟು ಅತ್ಯಲ್ಪ ಪ್ರಮಾಣವೂ ಮೀನಿಗೆ ಸಾಕಾಗುತ್ತದೆ. ಹುಳುವಿಗೆಂದು ಹೊಡೆಯುವ ಸೈಪರ್‌ಮೆಥ್ರಿನ್ನಿನಂಥ ಔಷಧಗಳಂತೂ ಇನ್ನೂ ತೀಕ್ಷ್ಣ. ನೂರು ಕೋಟಿ ಪಾಲು ನೀರಿನಲ್ಲಿ ಕೆಲವೇ ಪಾಲು ಇದ್ದರೂ ಮೀನು ಉಳಿಯಲಾರದು. ಡಬ್ಬಿಯ ಮೇಲೆ ಅಚ್ಚು ಹಾಕಿರುತ್ತಾರೆ, ಅದನ್ನು ಓದುವವರು ಯಾರು? ನಾನು ಓದು ಕಲಿಸುವವನು, ನಾನೇ ಓದಿರಲಿಲ್ಲ.

ಹೊಳೆಯ ದೊಡ್ಡ ಮೀನುಸಾವುಗಳಿಗೆ ಕಾರಣ ಬಹುಶಃ ಬೇರೆ. ೨೦೨೩ರ ಮಾರ್ಚ ತಿಂಗಳಲ್ಲಿ ಸಾಂಗಲಿಯ ಹತ್ತಿರ ಅಂಕಲಿ ಸೇತುವೆಯ ಆಸುಪಾಸಿನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ವಾಚಕರಿಗೆ ನೆನಪಿರಬಹುದು. ದಂಡೆಯಲ್ಲಿ ರಾಶಿ ಬಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಸಂಗತಿಯು ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೂ ಹೋಯಿತು. ಅಲ್ಲಿ ಮೀನು ಸಾಯುವ ಬಗೆಯನ್ನು ಹುಡುಗರಿಗೆ ನಾನು ಹೀಗೆ ಹೇಳುತ್ತೇನೆ. ಮೀನಿಗೂ ಪ್ರಾಣವಾಯು ಬೇಕು. ನೀರಿನಲ್ಲಿ ಕರಗಿದ್ದನ್ನು ಅದು ಕಿವಿರಿನಿಂದ ಎಳೆದುಕೊಳ್ಳುತ್ತದೆ. ತಣ್ಣನೆಯ ಒಂದು ಲೀಟರು ನೀರು ಒಂಬತ್ತು ಮಿಲಿಗ್ರಾಮಿನಷ್ಟು ಪ್ರಾಣವಾಯುವನ್ನು ಹಿಡಿದಿಟ್ಟುಕೊಂಡರೆ, ಬೇಸಿಗೆಯ ಬೆಚ್ಚನೆಯ ನೀರು ಏಳೂವರೆಯಷ್ಟೇ ಹಿಡಿಯಬಲ್ಲದು. ಐದಕ್ಕಿಂತ ಕಡಿಮೆಯಾದರೆ ಮೀನಿಗೆ ಸಂಕಟ, ಎರಡು ಮೂರಕ್ಕೆ ಇಳಿದರೆ ಬಾಯಿ ತೆರೆದುಕೊಂಡು ಮೇಲೆ ಬರುತ್ತದೆ. ಊರ ಗಟಾರದ ನೀರಾಗಲಿ ಕಾರಖಾನೆಯ ನೀರಾಗಲಿ ಬಂದು ಸೇರಿದಾಗ, ಆ ಹೊಲಸನ್ನು ತಿನ್ನುವ ಸೂಕ್ಷ್ಮಜೀವಿಗಳು ಕೋಟ್ಯವಧಿಯಾಗಿ ಹೆಚ್ಚಿ ಇದ್ದ ಪ್ರಾಣವಾಯುವನ್ನೆಲ್ಲ ಮುಗಿಸಿಬಿಡುತ್ತವೆ. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಪ್ಪು ನೀರು ಈ ವಿಷಯದಲ್ಲಿ ಪಟ್ಟಣದ ಗಟಾರಕ್ಕಿಂತ ನೂರು ಪಟ್ಟಿಗೂ ಮೇಲು. ಸಾಂಗಲಿಯ ಶೇರಿ ನಾಲೆಯ ಮಾತು ಎಷ್ಟು ವರುಷದ್ದೆಂಬುದನ್ನು ಆ ಊರವರಿಗೆ ಹೇಳಬೇಕಾಗಿಲ್ಲ.

ಇದಕ್ಕೆ ನಮ್ಮ ಕಡೆಯ ಕೊಲ್ಲಾಪುರ ಪದ್ಧತಿಯ ಬಂಧಾರಗಳೂ ಕೂಡಿಕೊಳ್ಳುತ್ತವೆ. ಅಕ್ಟೋಬರದ ಸುಮಾರಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಮುಂಗಾರಿಗೆ ತೆಗೆಯುತ್ತಾರೆ. ಬಂಧಾರ ಕೆಟ್ಟದ್ದೆಂದು ನಾನು ಹೇಳಲಾರೆ. ಅದಿಲ್ಲದೆ ನಮ್ಮ ಕಬ್ಬೇ ಇಲ್ಲ. ಆದರೆ ಹರಿಯುವ ನೀರು ತನ್ನನ್ನು ತಾನು ತೊಳೆದುಕೊಳ್ಳುತ್ತದೆ, ನಿಂತ ನೀರಿಗೆ ಆ ಶಕ್ತಿಯಿಲ್ಲ. ಮೇಲೆ ನಿಂತು ಕೊಳೆತದ್ದು ಹಲಗೆ ತೆಗೆದ ದಿನ ಒಮ್ಮೆಲೆ ಕೆಳಗಿನ ಊರಿಗೆ ಬರುತ್ತದೆ. ಮೀನು ಸತ್ತ ಊರು ಒಂದು, ಕಾರಣ ಹುಟ್ಟಿದ ಊರು ಇನ್ನೊಂದು. ತಪ್ಪಿತಸ್ಥನು ಸಿಕ್ಕದೆ ಹೋಗುವುದು ಹೀಗೆ.

ಹುಡುಗನ ಅಜ್ಜನನ್ನು ನಾನು ಕಂಡದ್ದು ಆ ಮೇಲೆ ಎರಡು ವಾರಕ್ಕೆ. ಹೇಳದೆ ಇರಲಾಗಲಿಲ್ಲ, ಹೇಳಿಬಿಟ್ಟೆ. ಮುದುಕನು ಬಲೆಯ ಹರಕು ಕಟ್ಟುತ್ತಿದ್ದವನು ತಲೆಯೆತ್ತದೆ, “ಗೊತ್ತಿತ್ರಿ. ನೀಲಿ ನೀರ ಕಂಡಿದ್ದೆ. ನೀವಾಗೇ ಹೇಳ್ತೀರೋ ಇಲ್ಲೋ ನೋಡೂಣಂತ ಹುಡುಗನ್ನ ಕಳಿಸಿದ್ದೆ” ಎಂದನು. ಟ್ರೇನಿಂಗ ಕಾಲೇಜಿನಲ್ಲಿ ನಮಗೆ ಪ್ರಶ್ನೆ ಕೇಳುವ ಕಲೆಯ ಮೇಲೆ ಒಂದು ಇಡೀ ಅಧ್ಯಾಯವಿತ್ತು. ಇಷ್ಟು ಚೆನ್ನಾಗಿ ಪ್ರಶ್ನೆ ಕೇಳುವುದನ್ನು ಅಲ್ಲಿ ಯಾರೂ ಕಲಿಸಲಿಲ್ಲ.

ಆತನಿಂದಲೇ ನಾನು ಮಡುವಿನ ವಿಚಾರ ತಿಳಿದೆ. ಹೊಳೆಯೆಂದರೆ ಒಂದೇ ಸಮನಾದ ನೀರಲ್ಲ; ನಡುನಡುವೆ ಬಂಡೆಯ ಕೆಳಗೆ, ತಿರುವಿನಲ್ಲಿ, ಹಳ್ಳ ಕೂಡುವ ಬಾಯಿಯಲ್ಲಿ ಆಳವಾದ ಮಡುಗಳಿರುತ್ತವೆ. ಮರಾಠಿಯವರು ಡೋಹ ಎನ್ನುತ್ತಾರೆ. ಮಾರ್ಚದಿಂದ ಮೇ ತನಕ ಹೊಳೆ ಸೊರಗಿದಾಗ ದೊಡ್ಡ ಮೀನುಗಳೆಲ್ಲ ಅಲ್ಲಿ ಸೇರಿಕೊಳ್ಳುತ್ತವೆ: ಬಾಳೆಮೀನು, ಹಾವುಮೀನು, ಕೊರಮೀನು, ಇತ್ತೀಚೆಗೆ ಮರಿ ತಂದು ಬಿಟ್ಟ ಗಂಗೆಯ ಕಡೆಯ ಕಟ್ಲಾ, ರೋಹು. ಮೃಗದ ಮಳೆಗೆ ಹೊಳೆ ಕೆಂಪಾದೊಡನೆ ತತ್ತಿ ತುಂಬಿದ ಮೀನುಗಳು ಮಡು ಬಿಟ್ಟು ಮೇಲಕ್ಕೆ, ಹಳ್ಳದ ಬಾಯಿಗೆ, ನೀರು ಹೊಕ್ಕ ಹುಲ್ಲುಗಾವಲಿಗೆ ಏರುತ್ತವೆ. ಒಂದು ಕಿಲೋ ತೂಕದ ರೋಹುವಿನಲ್ಲಿ ಲಕ್ಷಕ್ಕೂ ಮೇಲ್ಪಟ್ಟು ತತ್ತಿಗಳಿರುತ್ತವೆ. ಕೊರಮೀನಿನದು ಇನ್ನೊಂದು ತರಹ: ಅದರ ಕೆಂಪು ಮರಿಗಳು ಹಿಂಡುಗಟ್ಟಿ ನೀರ ಮೇಲೆ ಆಡುತ್ತಿದ್ದರೆ ಕೆಳಗೆ ತಾಯಿತಂದೆಗಳು ಕಾವಲಿರುತ್ತವೆ. ಕಾವಲಿನ ಮೀನನ್ನು ಹಿಡಿದರೆ ಆ ಹಿಂಡಿನ ಕತೆ ಅಂದೇ ಮುಗಿಯಿತು.

ಅಂದರೆ ಮಡುವೆಂಬುದು ಹೊಳೆಯ ಬೀಜದ ಹಗೇವು. ಹರಿಪುರದಲ್ಲಿ ಅರಿಷಿಣ ತುಂಬಿಡುತ್ತಿದ್ದ ನೆಲದೊಳಗಿನ ಪೇವುಗಳನ್ನು ಬಲ್ಲವರಿಗೆ ಈ ಮಾತು ಬೇಗ ತಿಳಿಯುತ್ತದೆ. ಬೀಜದ ಜೋಳವನ್ನು ಒಕ್ಕಲಿಗನು ಹಸಿದರೂ ಮುಟ್ಟುವುದಿಲ್ಲ. ಹೊಳೆಯ ಹಗೇವಿಗೆ ಮಾತ್ರ ಬಾಗಿಲಿಲ್ಲ. ಬೇಸಿಗೆಯಲ್ಲಿ ಮೀನು ಒಂದೆಡೆ ಸೇರಿದ್ದನ್ನು ಕಂಡು ಜಿಲೆಟಿನ್ ಸಿಡಿಸುವವರು, ಬ್ಲೀಚಿಂಗ ಪುಡಿ ಚೆಲ್ಲುವವರು, ಈಗೀಗ ಬ್ಯಾಟರಿ ಇನ್ವರ್ಟರು ತಂದು ನೀರಿಗೆ ವಿದ್ಯುತ್ತು ಹಾಯಿಸುವವರು. ನೀರಿನಲ್ಲಿ ಸಿಡಿಮದ್ದು ಸಿಡಿಸಿ, ವಿಷ ಹಾಕಿ ಮೀನು ಕೊಲ್ಲುವುದನ್ನು ೧೮೯೭ನೆಯ ಇಸವಿಯ ಕಾಯಿದೆಯೇ ಪ್ರತಿಬಂಧಿಸಿದೆ. ಕಾಯಿದೆಗೆ ಸವ್ವಾ ನೂರು ವರುಷವಾಯಿತು. ರಾತ್ರಿ ಹನ್ನೆರಡು ಗಂಟೆಗೆ ಹಳ್ಳದ ಬಾಯಿಗೆ ಬಂದು ನಿಲ್ಲುವ ಕಾಯಿದೆ ಯಾವುದೂ ಇಲ್ಲ. ನಿಲ್ಲುವುದಾದರೆ ಊರವರೇ ನಿಲ್ಲಬೇಕು.

ಊರವರು ನಿಂತ ಉದಾಹರಣೆಗಳಿಲ್ಲವೇ ಎಂದರೆ, ಸಮುದ್ರದ ಕಡೆಗೆ ನೋಡಬೇಕು. ನಮ್ಮ ಮಿರಜದ ಪೇಟೆಗೆ ಬರ್ಫ ಹಾಕಿದ ಮೀನು ಘಟ್ಟ ಹತ್ತಿ ಬರುವುದು ರತ್ನಾಗಿರಿಯ ಕಡೆಯಿಂದ. ಆ ಕರಾವಳಿಯ ಕೋಳಿ ಜನರು ಮಳೆಗಾಲದಲ್ಲಿ ದೋಣಿಯನ್ನು ದಂಡೆಗೆಳೆದು, ಶ್ರಾವಣದ ನಾರಳಿ ಹುಣ್ಣಿವೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ಬಲೆ ಬಿಡುವುದು ಹಿಂದಿನಿಂದ ನಡೆದು ಬಂದ ಪದ್ಧತಿ. ಬಿರುಗಾಳಿಯ ಹೆದರಿಕೆಯಿಂದಲೇ ಅದು ಹುಟ್ಟಿರಲಿ, ಮೀನು ಮರಿ ಹಾಕುವ ಕಾಲಕ್ಕೆ ಬಿಡುವು ಸಿಕ್ಕಿತಷ್ಟೆ. ಯಂತ್ರದ ದೋಣಿಗಳು ಬಂದ ಮೇಲೆ ಪದ್ಧತಿಯೊಂದೇ ಸಾಲದಾಗಿ ಸರಕಾರದ ಆಜ್ಞೆ ಬೇಕಾಯಿತು. ೨೦೧೫ರಿಂದ ಪಶ್ಚಿಮ ಕರಾವಳಿಗೆಲ್ಲ ಜೂನ ೧ರಿಂದ ಜುಲೈ ೩೧ರ ತನಕ ೬೧ ದಿನಗಳ ಬಂದಿ ಎಂದು ಗೊತ್ತುಪಡಿಸಿದರು. ದೀಪದ ಬೆಳಕಿಗೆ ಮೀನನ್ನು ಸೆಳೆದು ಗುಡಿಸಿ ಹಿಡಿಯುವ ಬಗೆಗೂ, ಎರಡು ದೋಣಿ ಜೋಡಿಸಿ ಬಲೆಯೆಳೆಯುವ ಬಗೆಗೂ ೨೦೧೭ರಲ್ಲಿ ಕೇಂದ್ರ ಸರಕಾರ ನಿಷೇಧ ಹಾಕಿತು.

ರತ್ನಾಗಿರಿ ಜಿಲ್ಲೆಯ ಮಂಡಣಗಡ ತಾಲೂಕಿನ ವೇಳಾಸ ಎಂಬ ಹಳ್ಳಿಯದು ಇನ್ನೂ ಬೋಧಪ್ರದ. ಆ ಮರಳಿಗೆ ಕಡಲಾಮೆಗಳು ತತ್ತಿಯಿಡಲು ಬರುತ್ತವೆ. ಮೊದಲು ಊರವರು ಆ ತತ್ತಿಗಳನ್ನು ಅಗೆದು ತೆಗೆಯುತ್ತಿದ್ದರು. ೨೦೦೨ರಿಂದ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು ಆ ಊರವರನ್ನು ಕೂಡಿಸಿಕೊಂಡು ತತ್ತಿಗಳನ್ನು ಬೇಲಿಯೊಳಗೆ ಹೂಳಿಟ್ಟು ಕಾಯಿಸಿ, ಮರಿಗಳನ್ನು ಸಮುದ್ರಕ್ಕೆ ಬಿಡುವ ಕೆಲಸ ತೊಡಗಿದರು. ಈಗ ಅದನ್ನು ನೋಡುವುದಕ್ಕೆಂದೇ ಬೇಸಿಗೆಯ ಆರಂಭದಲ್ಲಿ ಜನ ಬರುತ್ತಾರೆ, ಊರ ಮನೆಗಳಲ್ಲಿ ಇಳಿದುಕೊಳ್ಳುತ್ತಾರೆ, ಮನೆಯವರಿಗೆ ನಾಲ್ಕು ಕಾಸು ಸಿಗುತ್ತದೆ. ತತ್ತಿ ಎಲ್ಲಿರುತ್ತದೆಂದು ಬಲ್ಲವನೇ ಒಳ್ಳೆಯ ಕಾವಲುಗಾರನಾದನು. ಈ ಮಾತನ್ನು ನಾನು ನಮ್ಮ ಊರಿನಲ್ಲಿ ಹೇಳಿದಾಗ ಒಬ್ಬರು, “ನಮ್ಮ ಹೊಳ್ಯಾಗ ಮೊಸಳಿ ಅದಾವ, ಅವನ್ನ ನೋಡಾಕ ಯಾರ ಬರ್ತಾರ್ರೀ?” ಎಂದರು. ಭಿಲವಡಿ, ಔದುಂಬರದ ಕಡೆಯ ಮೊಸಳೆಗಳ ಹಾವಳಿಯನ್ನು ಬಲ್ಲವರಿಗೆ ಅದು ಬರಿಯ ಚೇಷ್ಟೆಯ ಮಾತಲ್ಲ. ಮೀನು ಕಡಿಮೆಯಾದ ಹೊಳೆಯಲ್ಲಿ ಮೊಸಳೆ ಏನು ತಿನ್ನಬೇಕೆಂಬುದನ್ನೂ ಯೋಚಿಸಬೇಕು.

ಸಿಹಿನೀರಿನಲ್ಲಿಯೂ ಉದಾಹರಣೆಗಳುಂಟು. ಶೃಂಗೇರಿಯ ತುಂಗೆಯ ಪಾವಟಿಗೆಗಳಲ್ಲಿ, ಅರಕಲಗೂಡು ತಾಲೂಕಿನ ರಾಮನಾಥಪುರದ ಕಾವೇರಿಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿ, ಇತ್ತ ರಾಯಗಡ ಜಿಲ್ಲೆಯ ಮಹಾಡದ ಹತ್ತಿರ ಕಾಳ ನದಿಯ ವಾಳಣ ಕೊಂಡದಲ್ಲಿ ದೇವರ ಮೀನೆಂದು ಮಹಶೀರ ಜಾತಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಬೇರೆಡೆ ಅಪರೂಪವಾದ ಮೀನು ಆ ಮಡುಗಳಲ್ಲಿ ಗುಂಪುಗುಂಪಾಗಿದೆ. ಆದರೆ ದೇವರ ಹೆಸರೊಂದೇ ಕಾಯುತ್ತದೆಂದು ನಾನು ನಂಬುವುದಿಲ್ಲ. ಶಿಶಿಲದಲ್ಲಿಯೇ ೧೯೯೬ರಲ್ಲಿ ದುಷ್ಕರ್ಮಿಗಳು ವಿಷ ಹಾಕಿ ಸಾವಿರಾರು ಮೀನು ಕೊಂದರು. ಊರವರು ಆ ಮೀನುಗಳ ನೆನಪಿಗೆ ಸ್ಮಾರಕ ಕಟ್ಟಿಸಿ, ಮತ್ತೆ ಕಾಯತೊಡಗಿದರು. ಕಾದದ್ದು ಜನರೇ.

ಇಷ್ಟೆಲ್ಲ ಓದಿಕೊಂಡು, ಉತ್ಸಾಹದಿಂದ ನಾನು ಮುದುಕನ ಬಳಿ ಹೋಗಿ, ನಮ್ಮ ಹಳ್ಳದ ಬಾಯಿಯ ಮಡುವನ್ನು ಹೋಳಿ ಹುಣ್ಣಿವೆಯಿಂದ ಮಳೆ ಹಿಡಿಯುವ ತನಕ ಮುಟ್ಟದೆ ಬಿಡೋಣವೇ ಎಂದೆ. ಆತ ನಕ್ಕನು. “ಬಿಡೂಣ. ನಾವು ಬಲಿ ಬಿಡ್ತೀವಿ. ನೀವೇನ ಬಿಡ್ತೀರಿ ಮಾಸ್ತರ?”

ಈ ಪ್ರಶ್ನೆಗೆ ಉತ್ತರವಿಲ್ಲದ ಎಲ್ಲ ಸಂರಕ್ಷಣೆಯ ಯೋಜನೆಗಳೂ ಅನ್ಯಾಯದವೆಂದು ಈಗ ನನ್ನ ಅಭಿಪ್ರಾಯ. ಮೀನು ಉಳಿಸಬೇಕೆಂದೊಡನೆ ಮೊದಲು ನಿಲ್ಲಿಸುವುದು ಬಡವನ ಬಲೆಯನ್ನು. ಸಮುದ್ರದ ಬಂದಿಯ ಕಾಲಕ್ಕಾದರೂ ಸ್ವಲ್ಪ ವ್ಯವಸ್ಥೆಯಿದೆ. ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಬಡ ಮೀನುಗಾರನು ತಾನು ಉಳಿಸಿದ ೧,೫೦೦ ರೂಪಾಯಿಗೆ ಸರಕಾರ ೩,೦೦೦ ಸೇರಿಸಿ ಬಂದಿಯ ಮೂರು ತಿಂಗಳಿಗೆ ಕೊಡುವಂತೆ ಗೊತ್ತುಪಡಿಸಿದರು. ಒಳನಾಡಿನ ಮೀನುಗಾರನನ್ನೂ ಅದರಲ್ಲಿ ಸೇರಿಸಿದ್ದರು. ತಿಂಗಳಿಗೆ ಒಂದೂವರೆ ಸಾವಿರ, ಅದರಲ್ಲಿಯೂ ಐದುನೂರು ಅವನದೇ. ಊರವರು ತಾವಾಗಿ ಬಿಟ್ಟ ಮಡುವಿಗೆ ಅಷ್ಟೂ ಇಲ್ಲ. ಅತ್ತ ಮೇ ತಿಂಗಳಲ್ಲಿ ಮಡುವಿನ ತಳಕ್ಕೇ ಫುಟವಾಲ್ವ ಇಳಿಬಿಟ್ಟು ಕಬ್ಬಿಗೆ ನೀರೆತ್ತುವವನು ನಾನು, ಔಷಧದ ಡ್ರಮ್ಮು ತೊಳೆಯುವವನು ನಾನು, ಗೊಬ್ಬರ ಹೆಚ್ಚು ಹಾಕಿ ಮಳೆಗೆ ಹರಿಯಬಿಡುವವನೂ ನಾನು. ನನ್ನನ್ನು ಯಾರೂ ಏನೂ ಬಿಡು ಎಂದಿರಲಿಲ್ಲ.

ಆದುದರಿಂದ ನಮ್ಮಲ್ಲಿ ಮಾತು ತಿರುಗುಮುರುಗಾಗಿ ನಡೆಯಿತು: ಮೊದಲು ಪಂಪು, ಆ ಮೇಲೆ ಬಲೆ. ಹಳ್ಳದ ದಂಡೆಯ ನಾಲ್ಕು ಜನ ಒಕ್ಕಲಿಗರು ಕೂಡಿ, ನೀರಿನಿಂದ ದೂರ ತೋಟದ ಮೂಲೆಯಲ್ಲಿ ತೊಳೆಯುವ ಸ್ಥಳ ಮಾಡಿಕೊಂಡೆವು. ಕೆಲಸ ಅಷ್ಟು ಕಷ್ಟದ್ದಲ್ಲ. ಬೇಕಾದಷ್ಟೇ ದ್ರಾವಣ ಕಲಸುವುದು; ಟಾಕಿಯನ್ನು ಸ್ವಲ್ಪ ಸ್ವಲ್ಪ ನೀರಿನಿಂದ ಮೂರು ಸಲ ಜಾಲಿಸಿ, ಆ ನೀರನ್ನು ಅದೇ ಬೆಳೆಯ ಮೇಲೆ ಹೊಡೆದುಬಿಡುವುದು; ಖಾಲಿ ಡಬ್ಬಿಗಳನ್ನು ಹಳ್ಳಕ್ಕೆಸೆಯದೆ ತೂತು ಹೊಡೆದು ಚೀಲದಲ್ಲಿ ಕೂಡಿಡುವುದು. ಇದರಿಂದ ಔಷಧವೂ ಉಳಿಯಿತು, ಹಿಂದೆ ಎಷ್ಟು ಚೆಲ್ಲುತ್ತಿದ್ದೆವೆಂಬುದೂ ತಿಳಿಯಿತು. ಹಳ್ಳದ ಅಂಚಿನ ಎರಡು ಮಾರು ನೆಲವನ್ನು ಉಳದೆ ಹುಲ್ಲಿಗೆ ಬಿಟ್ಟಿದ್ದೇವೆ. ಎತ್ತಿಗೆ ಮೇವಾಯಿತು, ಮಣ್ಣು ಜಾರುವುದೂ ಕಡಿಮೆ. ಮಡುವಿನ ಬಂಡೆಗೆ ಬಿಳಿ ಬಣ್ಣದ ಗೆರೆ ಹಾಕಿ, ನೀರು ಅದಕ್ಕಿಂತ ಕೆಳಗಿಳಿದರೆ ಅಲ್ಲಿಂದ ಎತ್ತಬಾರದೆಂದು ಮಾತಾಯಿತು. ಈ ಕೊನೆಯದೇ ಎಲ್ಲಕ್ಕೂ ಕಠಿಣ. ಕಬ್ಬು ಬಾಡುವಾಗ ಗೆರೆಯನ್ನು ನೋಡುವ ಕಣ್ಣು ಯಾರಿಗೂ ಇರುವುದಿಲ್ಲ. ಮೂವರು ಪಾಲಿಸುತ್ತೇವೆ, ಒಬ್ಬರು ಪಾಲಿಸುವುದಿಲ್ಲ. ಅವರೊಡನೆ ನಾನು ಜಗಳವಾಡಿಲ್ಲ, ನನ್ನ ಕಬ್ಬಿಗೆ ಹನಿ ನೀರಾವರಿ ಇದೆ, ಅವರಿಗಿಲ್ಲ.

ಭೋಯಿಗಳ ಎರಡು ಮನೆಯವರು ಮಡುವನ್ನಷ್ಟೇ ಬಿಟ್ಟರು. ಉಳಿದ ಹೊಳೆಯಲ್ಲಿ ಅವರ ಬಲೆ ನಡೆದೇ ಇದೆ, ಕಣ್ಣು ಸಣ್ಣದಾದ ನಾಯಿಲಾನ ಬಲೆಯನ್ನು ಮಾತ್ರ ಒಳಗಿಟ್ಟಿದ್ದಾರೆ. ಎರಡನೆಯ ವರುಷದ ಮಳೆಗಾಲದಲ್ಲಿ ಹಳ್ಳದ ಅಂಚಿಗೆ ಕೊರಮೀನಿನ ಕೆಂಪು ಮರಿಗಳ ಹಿಂಡನ್ನು ಮುದುಕನು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದನು. ಅಂಗೈಯಗಲದ ಕೆಂಪು ಕಲೆ ನೀರ ಮೇಲೆ ಸರಿದಾಡಿದಂತಿತ್ತು. ಇದರಿಂದ ಮೀನು ಇಷ್ಟು ಹೆಚ್ಚಿತೆಂದು ಲೆಕ್ಕ ಕೊಡಲು ನನ್ನಿಂದಾಗದು. ಆಫ್ರಿಕ ಮೂಲದ, ೧೯೫೨ರಲ್ಲಿ ಈ ದೇಶಕ್ಕೆ ಬಂದ ತಿಲಾಪಿಯಾ ಎಂಥ ಹೊಲಸು ನೀರಿನಲ್ಲಿಯೂ ಹೆಚ್ಚುತ್ತದೆ, ಅದನ್ನು ನೋಡಿ ಹಿಗ್ಗಬಾರದೆಂದು ಆತನೇ ಎಚ್ಚರಿಸಿದ್ದಾನೆ.

ಹೋದ ಚೈತ್ರದಲ್ಲಿ ಒಂದು ರಾತ್ರಿ ಯಾರೋ ಬ್ಯಾಟರಿ ತಂದು ಮಡುವನ್ನು ಬರಿದು ಮಾಡಿದರು. ಬೆಳಗ್ಗೆ ಸಣ್ಣ ಮೀನುಗಳಷ್ಟೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ರಾತ್ರಿ ನಾವಾರೂ ಅಲ್ಲಿರಲಿಲ್ಲ. ಈ ಸಲ ಹೋಳಿಯಿಂದ ಮುಂದೆ ರಾತ್ರಿ ಪಾಳಿಯ ಕರೆಂಟು ಇರುವ ವಾರಗಳಲ್ಲಿ, ಹೇಗೂ ನೀರು ಹಾಯಿಸಲು ಹೊಲದಲ್ಲಿರುವವರು ಹಳ್ಳದ ಬಾಯಿಗೊಮ್ಮೆ ಬೆಳಕು ಹಾಕಿ ಬರಬೇಕೆಂದು ನಿಶ್ಚಯಿಸಿದ್ದೇವೆ. ಉಳಿದ ವಾರಗಳದು ಇನ್ನೂ ಗೊತ್ತಾಗಿಲ್ಲ. ಮೀನು ತಂದಿಟ್ಟ ಹುಡುಗನು ಈಗ ಮಿರಜದಲ್ಲಿ ಮೋಟಾರಸಾಯಿಕಲ್ಲು ದುರಸ್ತಿಯ ಅಂಗಡಿಯಲ್ಲಿದ್ದಾನೆ, ರವಿವಾರದ ರಾತ್ರಿ ತನ್ನದೆಂದಿದ್ದಾನೆ.

ಕೃಷ್ಣೆ, ವಾರಣೆ, ದೂಧಗಂಗೆಗಳ ದಂಡೆಯ ವಾಚಕರು ತಮ್ಮ ಊರಿನ ಮಡುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಈ ಪುಟಕ್ಕೆ ಬರೆದು ಕಳಿಸಿದರೆ, ಯಾವುವು ಉಳಿದಿವೆ, ಯಾವುವು ಹೂಳಿನಿಂದ ಮುಚ್ಚಿವೆ, ಯಾವುದರಿಂದ ಬೇಸಿಗೆಯಲ್ಲಿ ನೀರೆತ್ತುತ್ತಾರೆ ಎಂಬುದನ್ನು ಕೂಡಿಸಿ ಒಂದು ಯಾದಿ ಮಾಡುವ ಕೆಲಸವನ್ನು ನಮ್ಮ ಶಾಲೆಯ ಏಳನೆಯ ಇಯತ್ತೆಯ ಹುಡುಗರು ಮಾಡಲು ಸಿದ್ಧರಿದ್ದಾರೆ.